ಐದು ತುಂಡಿನ ಹೆಸರು

ಸತ್ತವರ ಹೆಸರಿಗೂ ಕತ್ತರಿ ಹಾಕುವವರನ್ನು ನಾನು ಮೊದಲು ಕಂಡದ್ದು ಕ್ರೋಯ್ಡನ್‌ನಲ್ಲಿ. ಪೋಲೆಂಡಿನವರು ಗುಂಪು ಗುಂಪಾಗಿ ಲಂಡನ್ನಿಗೆ ಬರತೊಡಗಿದ್ದ ವರ್ಷಗಳು ಅವು. ನಮ್ಮ ಇಗರ್ಜಿಯ ಹಿಂದಿನ ಬೆಂಚುಗಳಲ್ಲಿ ಉಡುಪಿ ಕಡೆಯ ನಾವು ಕೂತರೆ, ಪಕ್ಕದಲ್ಲೇ ಅವರು. ನವೆಂಬರಿನಲ್ಲಿ ಮೃತರ ಸ್ಮರಣೆಯ ಪೂಜೆ ಇರುತ್ತಿತ್ತು. ಒಂದೊಂದೇ ಹೆಸರು ಓದುತ್ತಾರೆ. ಆ ಮನೆಯವರು ಎದ್ದು ಹೋಗಿ ಮೇಣದಬತ್ತಿ ಹಚ್ಚುತ್ತಾರೆ. ಆ ಸಲ ಓದುವ ಸರದಿ ನನ್ನದು.

ನನ್ನ ಪಕ್ಕ ಕೂರುತ್ತಿದ್ದ ಪೋಲಿಷ್ ಹೆಂಗಸು ಗಂಡನನ್ನು ಕಳೆದುಕೊಂಡು ವರ್ಷ ತುಂಬಿರಲಿಲ್ಲ. ಊರಲ್ಲಿ ಮಣ್ಣು ಮಾಡುವಾಗ ಅವಳಿಗೆ ಹೋಗಲಾಗಿರಲಿಲ್ಲ. ಇಲ್ಲಾದರೂ ಅವನ ಹೆಸರನ್ನು ಪೂರ್ತಿಯಾಗಿ ಒಮ್ಮೆ ಕೇಳಬೇಕು, ಅಷ್ಟೇ ಅವಳ ಆಸೆ. ಮನೆತನದ ಹೆಸರು ಒಂದೇ ಶಬ್ದ, ಆದರೆ ಬಾಯಲ್ಲಿ ಹೇಳುವಾಗ ಐದು ತುಂಡಿನದು. ಚಹಾದ ಮೇಜಿನ ಮೇಲೆ ಬೆರಳು ಕುಟ್ಟಿ ಹೇಳಿಕೊಟ್ಟಳು. ನಾನು ನಮ್ಮ ಮಾತಿನ ಚಾಳಿಯಂತೆ ಮೊದಲ ತುಂಡಿಗೇ ಒತ್ತು ಹಾಕಿ ಕೊನೆಯದನ್ನು ಎಳೆದೆ. ಅವಳು ನಕ್ಕಳು.

"ನೋ, ನೋ. ಕೊನೆಯದರ ಹಿಂದಿನದಕ್ಕೆ ಒತ್ತು. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಶಬ್ದಕ್ಕೂ ಹಾಗೆಯೇ."

ಪಾತ್ರೆ ತೊಳೆಯುತ್ತ, ಬಸ್ಸಿನಲ್ಲಿ ಕೂತು, ಬಾಯಿಪಾಠ ಮಾಡಿದೆ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿದ್ದ ಹೆಸರು ನಾಲ್ಕನೆಯ ತುಂಡಿಗೆ ಒತ್ತು ಬಿದ್ದೊಡನೆ ಸಲೀಸಾಯಿತು. ಯಾರಿಗೂ ಬಾರದ ವಿದ್ಯೆಯೇನಲ್ಲ ಅದು!

ಪೂಜೆಯ ದಿನ, ಓದುವವರನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆಂಗಸು ನನಗೆ ಪಟ್ಟಿಯನ್ನೇ ಕೊಡಲಿಲ್ಲ. "ಉದ್ದುದ್ದ ಹೆಸರು ಯಾಕೆ? ನಾನೇ ಓದಿಬಿಡ್ತೇನೆ, ಮೊದಲ ಹೆಸರು ಸಾಕು. ಯಾರೆಂದು ದೇವರಿಗೆ ಗೊತ್ತಾಗುತ್ತದೆ," ಎಂದರು. ನನ್ನ ಮೈಯೆಲ್ಲ ಉರಿದುಹೋಯಿತು. ದೇವರಿಗೆ ಗೊತ್ತಿದೆಯೆಂದಾದರೆ ಮೊದಲ ಹೆಸರಾದರೂ ಯಾಕೆ ಓದಬೇಕು? "ನಾನು ಕಲಿತು ಬಂದಿದ್ದೇನೆ," ಎಂದೆ. ಅವರು ಆಗಲೇ ಬೆನ್ನು ತಿರುಗಿಸಿದ್ದರು.

ಮನೆತನದ ಹೆಸರು ಹೊಡೆದುಹಾಕಿದ ಮೇಲೆ ಒಂದೇ ಹೆಸರು ಮೂರು ಕಡೆ ಉಳಿಯಿತಂತೆ. ಯಾರೋ ತಪ್ಪಿ ಮೂರು ಸಲ ಬರೆದಿದ್ದಾರೆಂದು ಆಕೆ ಒಮ್ಮೆ ಮಾತ್ರ ಓದಿದರು. ನನ್ನ ಪಕ್ಕದವಳೂ ಇನ್ನಿಬ್ಬರು ಪೋಲಿಷ್ ಹೆಂಗಸರೂ ಅರ್ಧ ಎದ್ದು, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮತ್ತೆ ಕೂತರು. ಅಷ್ಟರಲ್ಲಿ ಮುಂದಿನ ಹೆಸರು ಬಂದೇಬಿಟ್ಟಿತು.

ನಾನು ಎದ್ದು ನಿಂತೆ. ಮಗಳು ಕೋಟು ಜಗ್ಗಿದಳು. "ಮಮ್ಮಿ, ಪ್ಲೀಸ್, ಸಿಟ್ ಡೌನ್!"

"ಸುಮ್ನಿರು ಮಾರಾಯ್ತಿ," ಎಂದವಳೇ ಪಕ್ಕದವಳ ಗಂಡನ ಪೂರ್ತಿ ಹೆಸರನ್ನು ಗಟ್ಟಿಯಾಗಿ, ಒತ್ತು ಬೀಳಬೇಕಾದಲ್ಲಿ ಬೀಳುವಂತೆ ಹೇಳಿದೆ. ಇಡೀ ಇಗರ್ಜಿ ತಿರುಗಿ ನೋಡಿತು. ನೋಡಲಿ. ಪಕ್ಕದವಳು ಕಣ್ಣೊರೆಸಿಕೊಳ್ಳುತ್ತ ಹೋಗಿ ಬತ್ತಿ ಹಚ್ಚಿದಳು.

ಉಳಿದ ಇಬ್ಬರು ನನ್ನ ಮುಖವನ್ನೇ ನೋಡುತ್ತ ಕಾದರು. ಅವರು ಕಳೆದುಕೊಂಡವರ ಪೂರ್ತಿ ಹೆಸರು ನನಗೆ ಗೊತ್ತಿರಲಿಲ್ಲ.