ಹುಸೇನಣ್ಣ ಆರಿಸಿದ ಬೇಸ್ ಗಿಟಾರು

ಮೊನ್ನೆ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಮೊಬೈಲಿಗೆ ಒಂದು ವಿಡಿಯೊ ಬಂತು. ಸಿಂಧನೂರಿನಲ್ಲಿ ಹೊಸದಾಗಿ ತೆರೆದಿರುವ ವಾದ್ಯಗಳ ಅಂಗಡಿ. ಒಬ್ಬ ಗಂಡಸು ಬೇಸ್ ಗಿಟಾರಿನ ಒಡಲಿನಿಂದ ಚಾಚಿದ ಮೇಲಿನ ಕೊಂಬನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣು ಮುಚ್ಚಿಕೊಂಡು, ದಪ್ಪ ತಂತಿಯನ್ನು ಮೀಟುತ್ತಿದ್ದಾನೆ. ಹಿಂದೆ ಅಂಗಡಿಯವನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಾನೆ. ಜೊತೆಗೊಂದು ಧ್ವನಿ ಸಂದೇಶ: "ನೀವು ಹೇಳ್ದಂಗ ಮಾಡೀನಿ ನೋಡ್ರಿ ಸರ್. ಖರೇನ ಕೇಳಸ್ತೈತಿ. ಇದನ್ನ ನಿಮಗ ಯಾರ ಕಲಿಸ್ಯಾರ್ರಿ?"

ಇವನು ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ನಿಖಿಲ್. ಭತ್ತ ಬೆಳೆಯುವ ಬಂಗಾಲಿ ಮನೆತನದವನು. ಮನೆಯಲ್ಲಿ ಬಂಗಾಲಿ, ಹೊರಗೆ ನಮಗಿಂತ ಗಟ್ಟಿಯಾದ ಸಿಂಧನೂರು ಕನ್ನಡ. ಕ್ಯಾಂಪಿನ ನಾಲ್ಕು ಜನ ಸೇರಿ ದುರ್ಗಾ ಪೂಜೆಯ ದಿನ ವೇದಿಕೆಯ ಮೇಲೆ ನುಡಿಸಲು ಬ್ಯಾಂಡ್ ಕಟ್ಟಿದ್ದಾರೆ. ಯಾವ ಗಿಟಾರು, ಯಾವ ಆಂಪ್ಲಿಫೈಯರು ಎಂದು ಕೇಳಲು ಯಾರೋ ನನ್ನ ನಂಬರು ಕೊಟ್ಟಿದ್ದರು. ನಿಮಗೆ ಗೊತ್ತಿರಲಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರು ಊರುಗಳಲ್ಲಿ ಬೇಸ್ ಗಿಟಾರು ಕೊಳ್ಳುವವರು ನನ್ನನ್ನೊಂದು ಮಾತು ಕೇಳಿಯೇ ಕೊಳ್ಳುತ್ತಾರೆ. ಹಾಗೆ ಕೊಳ್ಳುವವರು ವರ್ಷಕ್ಕೆ ಇಬ್ಬರೋ ಮೂವರೋ, ಅದು ಬೇರೆ ಮಾತು.

ನನ್ನ ಉಪದೇಶವೆಲ್ಲ ಬಾಯಿಪಾಠ. ಅಂಗಡಿಯಲ್ಲಿ ಗಿಟಾರಿಗೆ ವೈರು ಚುಚ್ಚುವ ಮೊದಲು ಹಾಗೇ ನುಡಿಸಿ ನೋಡಿ. ಕೊಂಬಿಗೆ ಹಲ್ಲು ಊರಿದರೆ ಮರ ಏನು ಹೇಳುತ್ತದೆ ಎಂಬುದು ನೇರ ತಲೆಬುರುಡೆಗೆ ಬರುತ್ತದೆ. ಕತ್ತಿನುದ್ದಕ್ಕೂ ಒಂದೊಂದೇ ಸ್ವರ ಒತ್ತುತ್ತ ಹೋಗಿ, ಎಲ್ಲಾದರೂ ಒಂದು ಕಡೆ ನಾದ ಬೇಗ ಸಾಯುತ್ತಿದ್ದರೆ ಆ ಗಿಟಾರು ಬೇಡ. ಹೆಗಲಿಗೆ ತೂಗುಹಾಕಿ ಎರಡೂ ಕೈ ಬಿಡಿ. ತಲೆಯ ಭಾಗ ನೆಲದ ಕಡೆ ವಾಲಿದರೆ ಮೂರು ತಾಸಿನ ಕಾರ್ಯಕ್ರಮದಲ್ಲಿ ನಿಮ್ಮ ಎಡಗೈ ನುಡಿಸುವುದಿಲ್ಲ, ಹಮಾಲಿ ಮಾಡುತ್ತದೆ. ಗಿಟಾರು ಸಾಧಾರಣದ್ದಿದ್ದರೂ ನಡೆದೀತು, ಆಂಪಿನಲ್ಲಿ ಜಿಪುಣತನ ಬೇಡ. ಅದರ ಮೇಲೆ ಅಂಟಿಸಿದ ವ್ಯಾಟಿನ ಚೀಟಿ ನಂಬಬೇಡಿ, ಸ್ಪೀಕರಿನ ಅಗಲ ನೋಡಿ, ಮರದ ಪೆಟ್ಟಿಗೆಯನ್ನು ತಟ್ಟಿ ನೋಡಿ. ಬಯಲಿನಲ್ಲಿ ನಾದ ಗಾಳಿಪಾಲಾಗುತ್ತದೆ, ಕಲ್ಯಾಣ ಮಂಟಪದಲ್ಲಿ ಗುಂಯ್‌ಗುಡುತ್ತದೆ, ಎರಡೂ ಕಡೆ ನಡೆಯುವಂಥದ್ದನ್ನು ಆರಿಸಿ. ಆಂಪನ್ನು ಎಂದೂ ಕುರ್ಚಿಯ ಮೇಲೆ ಇಡಬೇಡಿ, ಹಲಗೆಯ ಮೇಲೆ ನಿಮ್ಮ ಮೊಣಕಾಲ ಹಿಂದೆ ಇಡಿ.

ಇದನ್ನೆಲ್ಲ ಕೇಳಿದವರು ಸರ್, ಸರ್ ಎನ್ನುತ್ತಾರೆ. ನಾನೂ ಗಂಟಲು ಸರಿಪಡಿಸಿಕೊಂಡು ಇನ್ನಷ್ಟು ಹೇಳುತ್ತೇನೆ. ಆದರೆ ಇದರಲ್ಲಿ ಒಂದಕ್ಷರವೂ ನನ್ನದಲ್ಲ. ಬೇಸ್ ಗಿಟಾರಿನಲ್ಲಿ ಒಂದು ಸ್ವರ ನುಡಿಸಲು ಇಂದಿಗೂ ನನಗೆ ಬರುವುದಿಲ್ಲ. ಅದಕ್ಕೇ ನಿಖಿಲನ ಪ್ರಶ್ನೆ ಕೇಳಿದಾಗ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಸುತ್ತ ಒಮ್ಮೆ ನೋಡಿದೆ. ಪಕ್ಕದ ಟೇಬಲ್ಲಿನವರು ಮೊಸರನ್ನ ಉಣ್ಣುತ್ತಿದ್ದರು.

ಡಿಜೆ ಇನ್ನೂ ಹಳ್ಳಿಹಳ್ಳಿಗೆ ಬಂದಿರದ ಕಾಲದಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ನಾನು ಅದರ ಯಜಮಾನ ಮತ್ತು ಗಾಯಕ. ಮಿನುಗುವ ಕೋಟು, ತಲೆಗೆ ಮೆತ್ತಿದ ಎಣ್ಣೆ, ಎಡಗೈ ಬೆರಳುಗಳಿಗೆ ಉಂಗುರ. ಆಗಿನ ಫೋಟೊಗಳನ್ನು ನನ್ನ ಹೆಂಡತಿ ಬೀರುವಿನ ಮೇಲಿನ ಅರೆಯಲ್ಲಿ ಬಟ್ಟೆಯಡಿ ಇಟ್ಟಿದ್ದಾಳೆ, ಮಕ್ಕಳು ನೋಡಿ ನಕ್ಕಾರು ಎಂದು. ನಮ್ಮ ಬೇಸ್ ವಾದಕ ಹುಸೇನಪ್ಪ, ನಮಗೆಲ್ಲ ಹುಸೇನಣ್ಣ. ನನಗಿಂತ ಹನ್ನೆರಡು ವರ್ಷ ದೊಡ್ಡವನು, ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಮಷೀನು ನಡೆಸುವವನು. ಮಿಲ್ಲಿನ ಬೆಲ್ಟು ಸಡಿಲಾದರೆ ಅದು ಎಲ್ಲರಿಗಿಂತ ಮೊದಲು ಅವನ ಅಂಗಾಲಿಗೆ ತಿಳಿಯುತ್ತಿತ್ತಂತೆ. ಯಾವ ಗುರುವೂ ಇಲ್ಲದೆ, ಯಾರದೋ ಮುರುಕು ಗಿಟಾರು ರಿಪೇರಿ ಮಾಡಿಕೊಂಡು ಕಲಿತಿದ್ದ. ಬೇಸ್ ನುಡಿಸುವವನನ್ನು ಯಾರೂ ನೋಡುವುದಿಲ್ಲ. ಅವನು ನಿಲ್ಲಿಸಿದಾಗ ಮಾತ್ರ ಜನ, ಹಾಡಿಗೆ ಏನೋ ಆಯಿತು ಎಂದು ತಲೆ ಎತ್ತುತ್ತಾರೆ.

ಒಳ್ಳೆಯ ಗಿಟಾರು, ಆಂಪು ತರೋಣವೆಂದು ನಾವಿಬ್ಬರೇ ಹೈದರಾಬಾದಿಗೆ ಹೋದೆವು. ಕೆಂಪಗೆ ಹೊಳೆಯುವ ಒಂದು ಗಿಟಾರನ್ನು ನಾನು ಬಾಗಿಲಿನಿಂದಲೇ ಮೆಚ್ಚಿದೆ. ಹುಸೇನಣ್ಣ ಅದರ ಕಡೆ ನೋಡಲೂ ಇಲ್ಲ. ಒಂದೊಂದನ್ನೇ ಇಳಿಸಿ, ಕೊಂಬು ಕಚ್ಚಿ, ಮೀಟಿ, ತಲೆಯಾಡಿಸಿ ವಾಪಸು ಕೊಟ್ಟ. ಅಂಗಡಿಯವನು ಉರ್ದುವಿನಲ್ಲಿ ನನ್ನನ್ನು, ಇವರು ಗಿಟಾರು ಕೊಳ್ಳಲು ಬಂದಿದ್ದಾರೋ ತಿನ್ನಲು ಬಂದಿದ್ದಾರೋ ಎಂದು ಕೇಳಿದ. ನನಗೆ ನಾಚಿಕೆಯಾಗಿ, ಹುಸೇನಣ್ಣನಿಗೂ ನನಗೂ ಸಂಬಂಧವಿಲ್ಲದವನಂತೆ ತಬಲಾಗಳ ಕಡೆ ಸರಿದು ನಿಂತೆ. ಕೊನೆಗೆ ಮಣ್ಣಿನ ಬಣ್ಣದ, ನೋಡಲು ಏನೂ ಚೆಂದವಿಲ್ಲದ ಒಂದನ್ನು ಆರಿಸಿದ. ಆಂಪುಗಳ ಮುಂದೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ಎಲ್ಲವನ್ನೂ ಪರೀಕ್ಷಿಸಿದ. ಇಬ್ಬರು ಹಿಡಿದರೂ ಎತ್ತಲು ಏದುಸಿರು ಬರುವ ದೊಡ್ಡ ಪೆಟ್ಟಿಗೆಯೊಂದನ್ನು ಗಟ್ಟಿ ಮಾಡಿದ.

ಇಷ್ಟು ಭಾರದ್ದು ಯಾಕೆ ಎಂದು ವಾಪಸು ಬರುವಾಗ ರೇಗಿದೆ. ಅವನು ಕಿಟಕಿಯಾಚೆ ನೋಡುತ್ತಲೇ ಇದ್ದ. ತೋಳು ಹಿಡಿದು ಅಲುಗಿಸಿ ಮತ್ತೆ ಕೇಳಿದೆ. ಆಗ ಹೇಳಿದ: "ಕಿವಿ ಹೋಗ್ಯಾವ ತಮ್ಮಾ. ಮಂದಿ ಬಾಯಿ ನೋಡಿ ತಿಳ್ಕೋತೀನಿ ಅಷ್ಟ. ಈ ಪೆಟಿಗಿ ಹಿಂದಿದ್ರ ಕಾಲಾಗ ಕೇಳಸ್ತೈತಿ, ನಾ ಬಾರಿಸ್ತೀನಿ. ಯಾರಿಗೂ ಹೇಳಬ್ಯಾಡ. ಇದೊಂದು ಬಿಟ್ರ ನನಗ ಮಿಲ್ಲು, ಮನಿ ಅಷ್ಟ."

ನಾನು ಹೇಳಲಿಲ್ಲ. ಎರಡು ವರ್ಷ ಆ ಪೆಟ್ಟಿಗೆಯನ್ನು ಊರೂರು ಹೊತ್ತೆವು. ಅದರ ಮುಂದೆ ಬರಿಗಾಲಲ್ಲಿ ನಿಂತ ಹುಸೇನಣ್ಣ ಒಂದು ಸ್ವರ ತಪ್ಪಲಿಲ್ಲ. ಆದರೆ ಕಿವಿ ಇನ್ನಷ್ಟು ಮಂದವಾಗುತ್ತಿದ್ದಂತೆ ಅವನ ಮಾತು ಜೋರಾಯಿತು. ಹಾಡುಗಳ ನಡುವೆ ಅವನು ಪಿಸುಗುಟ್ಟಿದ್ದು ಕೊನೆಯ ಸಾಲಿನವರಿಗೂ ಕೇಳಿಸುತ್ತಿತ್ತು. ಒಮ್ಮೆ ಮಸ್ಕಿಯ ಬಟ್ಟೆ ವ್ಯಾಪಾರಿಯೊಬ್ಬರು, ನಿಮ್ಮ ಆರ್ಕೆಸ್ಟ್ರಾದಲ್ಲಿ ಕಿವುಡರನ್ನೂ ಇಟ್ಟುಕೊಂಡಿದ್ದೀರಂತಲ್ಲ ಎಂದು ನಾಲ್ಕು ಜನರ ಮುಂದೆ ನಕ್ಕರು. ಅವರದೇ ಮಗಳ ಮದುವೆಗೆ ನಮ್ಮನ್ನು ಕರೆದಿದ್ದರು. ಅದೇ ಸುಮಾರಿಗೆ ನಮಗೆ ಒಬ್ಬ ಹೊಸ ಕೀಬೋರ್ಡಿನವನು ಸಿಕ್ಕಿದ್ದ. ಎಡಗೈಯಲ್ಲೇ ಬೇಸ್ ನುಡಿಸಬಲ್ಲೆ ಎನ್ನುತ್ತಿದ್ದ, ನೋಡಲೂ ಚೆನ್ನಾಗಿದ್ದ. ಹುಸೇನಣ್ಣನಿಗೆ ನೀನಿನ್ನು ಬರಬೇಡ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮದುವೆಯ ದಿನ ಎಲ್ಲರೂ ನಮ್ಮ ಮನೆಯಿಂದ ಗಾಡಿ ಹತ್ತುವಾಗ ಆಂಪನ್ನು ಅಲ್ಲೇ ಬಿಟ್ಟೆ. ಮಸ್ಕಿಯ ಕಲ್ಯಾಣ ಮಂಟಪ ತಲುಪಿದ ಮೇಲೆ ತಲೆ ಚಚ್ಚಿಕೊಂಡು, ಮರೆತೆ ಎಂದೆ. ಸೌಂಡಿನವನು, ಆಂಪು ಯಾಕೆ, ಗಿಟಾರಿನ ವೈರು ನೇರ ನನ್ನ ಮಿಕ್ಸರಿಗೆ ಕೊಡಿ ಎಂದ. ಕೊಟ್ಟೆವು. ನಾದವೆಲ್ಲ ಮಂಟಪದ ಎರಡು ತುದಿಯ ದೊಡ್ಡ ಸ್ಪೀಕರುಗಳಿಗೆ ಹೋಯಿತು. ವೇದಿಕೆಗೆ ಸಿಮೆಂಟಿನ ನೆಲ, ಅದರ ಮೇಲೆ ದಪ್ಪ ರತ್ನಗಂಬಳಿ. ಹುಸೇನಣ್ಣ ಚಪ್ಪಲಿ ಬಿಟ್ಟು ಅದರ ಮೇಲೆ ನಿಂತ.

ಅಕ್ಷತೆ ಮುಗಿದು ಜನ ಊಟಕ್ಕೆ ಕೂರುವ ಹೊತ್ತು. ಮೊದಲ ಹಾಡು ಹೇಗೋ ದಾಟಿತು. ಎರಡನೆಯದಕ್ಕೆ ನಾನು ಮೈಕು ಹಿಡಿದು ವೇದಿಕೆ ಇಳಿದು ಬೀಗರ ನಡುವೆ ಹಾಡುತ್ತ ನಡೆದೆ. ಬೇಸ್ ಹಿಂದೆ ಬೀಳುವುದು ನನಗೆ ಕೇಳಿಸುತ್ತಿತ್ತು. ಮೊದಲು ಅರ್ಧ ಹೆಜ್ಜೆ, ಆಮೇಲೆ ಒಂದು ಹೆಜ್ಜೆ, ಆಮೇಲೆ ಬೇರೆಯೇ ಹಾಡು. ಡ್ರಮ್ಮಿನವನು ಕೈ ನಿಲ್ಲಿಸಿದ. ಹುಸೇನಣ್ಣ ಮಾತ್ರ ಇನ್ನೂ ನುಡಿಸುತ್ತಲೇ ಇದ್ದ. ನಾನು ಮೈಕಿನಲ್ಲಿ ಹೇಳಿದೆ: "ನಮ್ಮ ಹುಸೇನಣ್ಣಗ ಮದಿವಿ ಊಟ ತಲಿಗೇರೇತ್ರೀ." ಇಡೀ ಮಂಟಪ ನಕ್ಕಿತು. ಜನ ನಗುವುದನ್ನು ಕಂಡು ಅವನೂ ನಕ್ಕ. ಉಳಿದ ಹಾಡುಗಳಿಗೆ ಕೀಬೋರ್ಡಿನವನ ಎಡಗೈ ಸಾಕಾಯಿತು.

ಮುಂದಿನ ವಾರ ಹುಸೇನಣ್ಣ ಗಿಟಾರನ್ನು ಒಗೆದ ಧೋತರದಲ್ಲಿ ಸುತ್ತಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟ. ನನಗೆ ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ವರ್ಷ ತುಂಬುವುದರೊಳಗೆ ಡಿಜೆ ಬಂದು ಕೀಬೋರ್ಡಿನವನನ್ನೂ ನನ್ನನ್ನೂ ಒಟ್ಟಿಗೆ ಮನೆಗೆ ಕಳಿಸಿತು. ಉಳಿದದ್ದು ಅವನಿಂದ ಕದ್ದ ಈ ವಿದ್ಯೆ ಮಾತ್ರ. ಅದನ್ನು ಹಂಚಿ ನಾನು ಸರ್ ಆದೆ.

ನಿಖಿಲನಿಗೆ ಆವತ್ತು ಸಂಜೆ ಉತ್ತರ ಬರೆದೆ, ಹುಸೇನಪ್ಪ ಎಂಬ ಹೆಸರು ಮಾತ್ರ. ಅವನು ಬಿಡಲಿಲ್ಲ, ಕರೆದುಕೊಂಡು ಹೋಗಲೇಬೇಕು ಎಂದ. ಭಾನುವಾರ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಹೋದೆ. ಮಸ್ಕಿ ಬಂದಾಗ ಕಿಟಕಿಯ ಆ ಕಡೆ ನೋಡಲಿಲ್ಲ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಖಿಲ್ ಬೈಕು ಹಿಡಿದು ನಿಂತಿದ್ದ.

ಕಾಲುವೆಯ ಬದಿಯ ಓಣಿಯಲ್ಲಿ ಹುಸೇನಣ್ಣನ ಮನೆ. ಮಗಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಹುಸೇನಣ್ಣ ಗೋಡೆಗೆ ಒರಗಿ ಕೂತಿದ್ದ, ಗುರುತು ಹಿಡಿದು ನಕ್ಕ. ದಾರಿಯುದ್ದಕ್ಕೂ ನಾನು ಮೆಲ್ಲನೆ ಹೇಳಬೇಕಾದ ಮಾತೊಂದನ್ನು ಕಟ್ಟಿಕೊಂಡು ಬಂದಿದ್ದೆ. ಹೇಳಿದೆ. ಅವನಿಗೆ ಕೇಳಿಸಲಿಲ್ಲ. ಕಣ್ಣೂ ಮಂಜಾಗಿ ಈಗ ತುಟಿಯೂ ತಿಳಿಯುವುದಿಲ್ಲವಂತೆ, ಕಿವಿಯ ಹತ್ತಿರ ಜೋರಾಗಿ ಕೂಗಿರಿ ಎಂದಳು ಮಗಳು. ಮೆಲ್ಲನೆ ಒಪ್ಪಿಕೊಳ್ಳಲು ಬಂದ ತಪ್ಪನ್ನು ಹೀಗೆ ಓಣಿಗೆಲ್ಲ ಕೇಳುವಂತೆ ಕೂಗಬೇಕಾಯಿತು. ಎರಡನೆಯ ಸಲಕ್ಕೆ ಎದುರು ಮನೆಯವರು ಹೊರಗೆ ಬಂದರು. ಮೂರನೆಯ ಸಲ ನನ್ನ ಗಂಟಲು ಒಡೆದಿತ್ತು: "ಆವತ್ತ ಪೆಟಿಗಿ ಮರ್ತಿದ್ದಿಲ್ಲ ಹುಸೇನಣ್ಣ, ಬೇಕಂತ ಬಿಟ್ಟು ಬಂದಿದ್ದೆ."

"ಗೊತ್ತೈತಿ," ಎಂದ. "ಗಾಡಿ ಹತ್ತೋ ಮುಂದ ನಿಮ್ಮ ಪಡಸಾಲ್ಯಾಗ ನೋಡಿದ್ದೆ."

ಮತ್ತೆ ಯಾಕೆ ಬಂದೆ ಎಂದು ಕೂಗಿದೆ.

"ಪೆಟಿಗಿ ಇರಲಿಲ್ಲಂದ್ರ ಏನಾತು, ನೀ ಇದ್ದೆಲ್ಲ. ತಪ್ಪಿದ್ರ ತಿರುಗಿ ಒಂದೀಟು ಕೈ ಮಾಡ್ತಿ, ತಾಳ ಹಿಡ್ಕೋತೀನಿ ಅಂತ ಬಂದೆ. ನೀ ತಿರುಗಲೇ ಇಲ್ಲ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಹುಸೇನಣ್ಣ ನಿಖಿಲನ ಕಡೆ ಹೊರಳಿ ಅವನ ಬೆರಳ ತುದಿಗಳನ್ನು ಹಿಡಿದು ಮುಟ್ಟಿ ನೋಡಿದ, ಇನ್ನೂ ಜಡ್ಡುಗಟ್ಟಬೇಕು ಎಂದ. ಗಿಟಾರು ಕೊಳ್ಳಬೇಕು ಎಂದು ನಿಖಿಲ್ ಕಿವಿಯಲ್ಲಿ ಕೂಗಿದ್ದೇ ತಡ, ಅಂಗಡಿ ಎಲ್ಲಿ ಎಂದು ಕೇಳಿ, ಒಳಗಿನಿಂದ ಅಂಗಿ ತರಿಸಿ ತೊಟ್ಟು ಹೊರಟೇಬಿಟ್ಟ. ಬೈಕಿನ ಮೇಲೆ ಇಬ್ಬರಿಗಷ್ಟೇ ಜಾಗ. ನಿಖಿಲ್ ನನ್ನ ಮುಖ ನೋಡಿ, ನಿಮ್ಮನ್ನ ಆಮೇಲೆ ಬಂದು ಕರ್ಕೊಂಡು ಹೋಗ್ತೀನ್ರಿ ಎಂದ. ಈ ಸಲ ಸರ್ ಎನ್ನಲಿಲ್ಲ.

ಹುಸೇನಣ್ಣ ಹಿಂದೆ ಕೂತು ಅವನ ಹೆಗಲ ಮೇಲೆ ಕೈಯಿಟ್ಟ. ಒಮ್ಮೆ ತಿರುಗಿ ನೋಡಿಯಾನು ಎಂದು ನಾನು ಓಣಿಯ ತುದಿಯಲ್ಲಿ ನಿಂತೇ ಇದ್ದೆ. ಬೈಕು ಕಾಲುವೆಯ ಸೇತುವೆ ದಾಟಿ ಹೋಯಿತು.