ಶನಿವಾರಕ್ಕೊಮ್ಮೆ ಬರೆದ ತಾಸುಗಳು

ಅಣ್ಣಿಗೇರಿ ಕಡೆಯ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಮೂರು ವರ್ಷ ನಾನು ದಿವಾಣಜಿ ಆಗಿದ್ದೆ. ತೂಕದ ಚೀಟಿ, ಹತ್ತಿ ಒತ್ತಿ ಕಟ್ಟಿದ ಅಂಡಿಗೆಗಳ ಎಣಿಕೆ, ಪತ್ರ ಬರೆಯುವುದು ಎಲ್ಲ ನನ್ನ ಪಾಲಿಗೆ. ಲಾರಿ ಓಡಿಸುವವರ ಕೆಲಸದ ತಾಸು ಬರೆಯುವ ರಜಿಸ್ಟರೂ ನನ್ನ ಕೈಯಲ್ಲೇ ಇತ್ತು. ಕಾಯಂ ಡ್ರೈವರಿಗೆ ಅದರಲ್ಲಿ ಬೇರೆ ಪುಟಗಳಿದ್ದವು. ಅವನು ಬಾರದ ದಿನ ಸ್ಟಿಯರಿಂಗ್ ಹಿಡಿಯುವವನಿಗೆ ಕೊನೆಯಲ್ಲಿ 'ಬದಲಿ' ಅಂತ ಒಂದು ಹಾಳೆ, ಅಷ್ಟೆ.

ಆ ಹಾಳೆಯ ತುಂಬ ಇದ್ದದ್ದು ಒಬ್ಬನೇ ಮನುಷ್ಯ. ನಮ್ಮ ಓಣಿಯವನು, ನಾನು ಸಣ್ಣವನಿದ್ದಾಗಿನಿಂದ ಕಾಕಾ ಅಂತ ಕರೆದವನು. ಮಿಲ್ಲಿನಲ್ಲಿ ಅವನದು ಹಮಾಲಿ. ಹರೆಯದಲ್ಲಿ ಲಾರಿ ಓಡಿಸಿದ್ದ, ಲೈಸನ್ಸ್ ಇನ್ನೂ ಚಾಲ್ತಿಯಲ್ಲಿತ್ತು. ತಿಂಗಳಿಗೆ ಮೂರೋ ನಾಲ್ಕೋ ಸಲ, ಕಾಯಂ ಡ್ರೈವರ್ ಕೈಕೊಟ್ಟ ದಿನ, ಹೆಗಲಿನ ಅಂಡಿಗೆ ಇಳಿಸಿ ಲಾರಿ ಹತ್ತುತ್ತಿದ್ದ.

ಕಾಯಂ ಡ್ರೈವರನ ತಾಸು ದಿನಾ ಬರೆಯುವುದು, ಬದಲಿಯದು ಶನಿವಾರ ಒಮ್ಮೆಲೇ. ಇದು ನಾನು ಸೇರುವ ಮೊದಲೇ ಇದ್ದ ಪದ್ಧತಿ. ಶನಿವಾರ ಸಂಜೆ ಚಹಾ ಕುಡಿಯುತ್ತ ಕೇಳುತ್ತಿದ್ದೆ.

"ಕಾಕಾ, ಈ ವಾರ ಯಾವತ್ತ ಓಡಿಸಿದಿ?"

"ಮಂಗಳವಾರ ಇರಬೇಕ ನೋಡ. ಬುಧವಾರನೋ ಏನೋ. ನಿನಗ ಹ್ಯಾಂಗ ಅನುಕೂಲ ಹಂಗ ಬರಕೋ."

ಒಂಬತ್ತರಿಂದ ಐದು, ನಡುವೆ ಒಂದು ತಾಸು ವಿಶ್ರಾಂತಿ ಅಂತ ಬರೆಯುತ್ತಿದ್ದೆ. ಯಾವಾಗಲೂ ಅದೇ. ಮುಂಜಾನೆ ಆರರಿಂದ ಅವನು ಹೊತ್ತ ಅಂಡಿಗೆಗಳು ಎಲ್ಲಿಯೂ ತಾಸಾಗಿ ಕಾಣುತ್ತಿರಲಿಲ್ಲ, ಯಾಕೆಂದರೆ ಹಮಾಲಿಗೆ ತಾಸೇ ಇರಲಿಲ್ಲ. ಇಡೀ ಗುಂಪಿಗೆ ಸೇರಿ ಎಷ್ಟು ಅಂಡಿಗೆ ಎಂಬುದಷ್ಟೇ ಬೇರೊಂದು ಪುಸ್ತಕದಲ್ಲಿ ಬೀಳುತ್ತಿತ್ತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಿನವರ ಮಾತನ್ನೇ ಹಿಡಿದು ಅವರನ್ನು ಕೆಡವಿದವನು. ದೇವರಿದ್ದಾನೆ ಅಂದವರಿಗೂ ಸಾಕ್ಷಿ ಕೇಳುತ್ತಿದ್ದೆ. ನಾನೇ ಬರೆದ ಹಾಳೆಗೆ ಮಾತ್ರ ಒಂದು ದಿನವೂ ಕೇಳಲಿಲ್ಲ.

ಕಳೆದ ಹತ್ತಿ ಸುಗ್ಗಿಯಲ್ಲಿ ಒಂದು ಗುರುವಾರ ಕಾಯಂ ಡ್ರೈವರ್ ಬರಲಿಲ್ಲ. ಹುಬ್ಬಳ್ಳಿಗೆ ಮಾಲು ಹೋಗಲೇಬೇಕು, ಕಾಕಾನ್ನ ಕಳಿಸು ಅಂತ ಮಿಲ್ಲಿನ ಮಾಲೀಕ ಸಾವಕಾರರು ನನಗೆ ಫೋನಿನಲ್ಲಿ ಹೇಳಿದರು. ಆಗ ಮಧ್ಯಾಹ್ನ ಒಂದು ಗಂಟೆ. ಅಲ್ಲಿಯವರೆಗೆ ಲಾರಿ ತುಂಬಿದವನೂ ಕಾಕಾನೇ. ಕುತ್ತಿಗೆಯ ಬೆವರು ಒರೆಸುತ್ತ ನನ್ನ ಟೇಬಲ್ಲಿಗೆ ಬಂದ.

"ತಮ್ಮಾ, ಇವತ್ತಿಂದ ಇವತ್ತ ಬರದ ಬಿಡ. ಮುಂಜಾನಿ ಆರರಿಂದ ಅಂತ."

"ಆರರಿಂದ ಲಾರಿ ಓಡಿಸಿಯೇನ?"

"ಇಲ್ಲ. ಆದ್ರ ಮೈ ಒಂದ ಅಲ್ಲೇನೋ?"

"ಮೈ ಒಂದ, ಪುಸ್ತಕ ಎರಡ. ಅಂಡಿಗಿ ಹೊತ್ತ ತಾಸು ಡ್ರೈವಿಂಗ್ ಅಂತ ಬರದ್ರ, ನಾಳೆ ನೀ ರೊಟ್ಟಿ ತಿಂದ ತಾಸೂ ಡ್ರೈವಿಂಗ್ ಆಗ್ತೈತಿ. ಎಲ್ಲ್ಯರ ಒಂದ ಕಡೆ ಗೆರಿ ಹೊಡಿಬೇಕಲ್ಲ ಕಾಕಾ?"

ಬಾಜೂಕ ಕೂತಿದ್ದ ಹಮಾಲರು ನಕ್ಕರು. ಕಾಕಾನೂ ನಕ್ಕ. "ನಿನ್ನ ಕೂಡ ಮಾತಾಡೂದಕಿಂತ ಅಂಡಿಗಿ ಹೊರೂದ ಹಗರ" ಅಂದು ಚಾವಿ ತೆಗೆದುಕೊಂಡು ಹೋದ. ಆ ದಿನದ ಸಾಲನ್ನು ನಾನು ಎಂದಿನಂತೆ ಶನಿವಾರಕ್ಕೆ ಬಿಟ್ಟೆ. ವಾದ ಗೆದ್ದೆ ಅಂತ ನನಗೆ ಖುಷಿಯಾಗಿತ್ತು. ಅದನ್ನೂ ಇಲ್ಲಿ ಬರೆಯಬೇಕು.

ಮಾಲು ಇಳಿಸಿ ವಾಪಸ್ ಬರುವಾಗ, ಇನ್ನೂ ಬಿಸಿಲಿರುವಾಗಲೇ, ಖಾಲಿ ಲಾರಿ ಹಳ್ಳದ ಸೇತುವೆಯ ಕಟ್ಟೆಗೆ ಗುದ್ದಿತು. ಎದುರಿಗೆ ಯಾರೂ ಇರಲಿಲ್ಲ. ಕಾಕಾನ ಬಲಗಾಲು ಎರಡು ಕಡೆ ಮುರಿಯಿತು. ಪ್ಲೇಟು ಹಾಕಿದ ಡಾಕ್ಟರು, ಇನ್ನು ಭಾರ ಹೊರುವುದೂ ಇಲ್ಲ, ಲಾರಿಯೂ ಇಲ್ಲ ಅಂದರು.

ಮರುದಿನ ಸಾವಕಾರರು ರಜಿಸ್ಟರ್ ತರಿಸಿಕೊಂಡರು. ಬದಲಿ ಹಾಳೆಯಲ್ಲಿ ಹಿಂದಿನ ಶನಿವಾರದ ಸಾಲಿನ ಕೆಳಗೆ ಏನೂ ಇರಲಿಲ್ಲ. ಪುಸ್ತಕವನ್ನು ತಮ್ಮ ಕಪಾಟಿನಲ್ಲಿ ಇಟ್ಟರು. ಕಾಕಾ ಪರಿಹಾರಕ್ಕೆ ಅರ್ಜಿ ಹಾಕಿದಾಗ ಮಿಲ್ಲಿನ ಉತ್ತರ ಬಂತು: ಇವನು ಹಮಾಲ, ನಾವು ಲಾರಿ ಕೊಟ್ಟು ಕಳಿಸಿದ ದಿನವೆಲ್ಲ ರಜಿಸ್ಟರಿನಲ್ಲಿದೆ, ಆ ಗುರುವಾರ ಇಲ್ಲ, ಅಂದರೆ ಕಾಯಂ ಡ್ರೈವರ್ ಒಯ್ಯಬೇಕಿದ್ದ ಲಾರಿಯನ್ನು ಕೇಳದೆ ಒಯ್ದಿದ್ದಾನೆ.

ತರ್ಕ ಚೊಕ್ಕವಾಗಿತ್ತು. ಅದನ್ನು ಮುರಿಯಲು ಒಂದೇ ದಾರಿ. ಬರೆದ ಸಾಲುಗಳು ಖರೆ ಇದ್ದರೆ ಮಾತ್ರ ಬರೆಯದ ಸಾಲಿಗೆ ಬೆಲೆ. ಕಾಕಾ ಅವತ್ತು ಕೆಲಸದ ಮೇಲಿದ್ದ ಅಂತ ತೋರಿಸಬೇಕಾದರೆ, ನನ್ನ ಮೂರು ವರ್ಷದ ಬರಹ ಶನಿವಾರದ ಅಂದಾಜು, ಸುಳ್ಳು ಅಂತ ನಾನೇ ತೋರಿಸಬೇಕಿತ್ತು. ಕೆಲಸ ಬಿಟ್ಟೆ. ಧಾರವಾಡಕ್ಕೆ ಹೋಗಿ ಕಾರ್ಮಿಕ ಅಧಿಕಾರಿಗಳ ಮುಂದೆ ಎಲ್ಲ ಹೇಳಿದೆ. ಮಿಲ್ಲಿನವರು ಕೊಟ್ಟಿದ್ದ ರಜಿಸ್ಟರ್ ಅವರ ಮುಂದೆಯೇ ಇತ್ತು. ಅಧಿಕಾರಿಗಳು ನಿಧಾನವಾಗಿ ಹಾಳೆ ತಿರುವಿದರು.

"ಎಲ್ಲಾ ಒಂಬತ್ತರಿಂದ ಐದು. ಅಕ್ಷರ ನಿಮ್ಮವ ಏನ್ರಿ?"

"ಹೌದ್ರಿ."

"ಎಲ್ಲಾ ಸುಳ್ಳ?"

"ದಿನ ಖರೆ ಇರಬಹುದ್ರಿ. ತಾಸು ಒಂದೂ ಖರೆ ಅಲ್ಲ."

"ಮೂರು ವರ್ಷ ಪಗಾರ ಕೊಟ್ಟವರ ಸಲುವಾಗಿ ಸುಳ್ಳ ಬರದ್ರಿ. ಈಗ ಓಣಿಯವರ ಸಲುವಾಗಿ ಹೇಳಾಕ ಬಂದೀರಿ. ಇದ ಖರೆ ಅಂತ ನಾ ಹ್ಯಾಂಗ ನಂಬಲಿ?"

ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಇದನ್ನೇ ಕೇಳುತ್ತಿದ್ದೆ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮಂಗಳವಾರದ ವಿಚಾರಣೆಗೆ ಬೇರೆ ಯಾರನ್ನಾದರೂ ಕರೆತರ್ರಿ ಅಂದರು.

ಆ ಗುರುವಾರ ನಕ್ಕಿದ್ದ ಹಮಾಲರ ಮನೆಗಳಿಗೆ ಹೋದೆ. ಸಾಕ್ಷಿ ಹೇಳಿದರೆ ನಾಳೆ ಗೇಟಿನೊಳಗೆ ಯಾರು ಬಿಡುತ್ತಾರೆ ಅಂತ ಒಬ್ಬ ಕೇಳಿದ. ಇನ್ನೊಬ್ಬ ಬಾಗಿಲಲ್ಲೇ ನಿಲ್ಲಿಸಿದ. "ಅವತ್ತ ನಗಿಸಿದಿ, ನಕ್ಕೀವಿ. ಇವತ್ತ ನಮ್ಮ ಹೊಟ್ಟಿ ಮ್ಯಾಲ ಹೊಡಿಬ್ಯಾಡೋ ಮಾರಾಯಾ."

ಉಳಿದದ್ದು ಕಾಕಾನ ಹೇಳಿಕೆ ಒಂದೇ. ಸೋಮವಾರ ಬಿಳಿ ಹಾಳೆ ಹಿಡಿದು ಅವನ ಮಂಚದ ಬದಿಗೆ ಕೂತೆ. ಅವನ ಹೆಂಡತಿ, ಕಾಕಿ, ಬಾಗಿಲ ಹತ್ತಿರ ಮೊರದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಹೇಳ ಕಾಕಾ. ಎಷ್ಟಕ್ಕ ಬಂದಿ ಅಲ್ಲಿಂದ ಹೇಳ."

"ಆರಕ್ಕ ಬಂದೆ. ಒಂದರ ತನಕಾ ತುಂಬಿದೆ. ಹುಬ್ಬಳ್ಯಾಗ ಹಮಾಲರು ಕಡಿಮಿ ಇದ್ರು, ಇಳಿಸಾಕೂ ನಾನ ಕೈ ಹಚ್ಚಿದೆ. ಹೊಳ್ಳಿ ಬರಬೇಕಾದ್ರ..." ನಿಲ್ಲಿಸಿದ.

"ಬರಬೇಕಾದ್ರ?"

"ಸೇತುವಿ ಬಂದದ್ದ ನಾ ನೋಡಲಿಲ್ಲೋ ತಮ್ಮಾ. ಕಣ್ಣ ಮುಚ್ಚಿದ್ವು. ಗುದ್ದಿದ ಮ್ಯಾಲ ತಗದೆ."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಕಾಕಿಯ ಕೈ ನಿಂತಿತು.

"ಅದೊಂದ ಬಿಟ್ಟ ಬರಿಯಪಾ" ಅಂದಳು.

ಬರೆದರೆ ಸಾವಕಾರರ ವಕೀಲರು ಆ ಒಂದು ಸಾಲನ್ನೇ ಎತ್ತಿ ಓದುತ್ತಾರೆ. ಬಿಟ್ಟರೆ ನಾನು ಮತ್ತೆ ಅದೇ ದಿವಾಣಜಿ. ಕಾಕಾ ನನ್ನ ಮುಖ ನೋಡುತ್ತಿದ್ದ. "ನೀ ಶ್ಯಾಣ್ಯಾ ಅದಿ. ಏನ ಬರದ್ರ ನಾ ಉಳೀತೀನಿ, ಅದನ್ನ ಬರಿ."

ಅದು ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಇಷ್ಟು ಮಾತ್ರ ಕಂಡಿತು: ಬೆಳಗಿನಿಂದ ಹೊತ್ತ ಅಂಡಿಗೆಗಳೇ ಆ ಕಣ್ಣು ಮುಚ್ಚಿಸಿದವು. ನಿದ್ದೆ ಬಿಟ್ಟು ಅಂಡಿಗೆ ಬರೆದರೆ, ಅವನ್ನೂ ಯಾರೂ ನಂಬುವುದಿಲ್ಲ. ಎರಡನ್ನೂ ಬರೆದೆ, ಗಟ್ಟಿಯಾಗಿ ಓದಿದೆ. ಕಾಕಾ ಸಹಿ ಮಾಡಿದ. ಕಾಕಿ ಮೊರ ಎತ್ತಿಕೊಂಡು ಒಳಗೆ ಹೋದಳು, ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.