ಕೇಕಿನ ಕ್ರೀಮಿನಲ್ಲಿ ಬೆಂದ ಕಡುಬು

ನಾನು ಓದು ನಿಲ್ಲಿಸಿದ್ದು ೧೯೮೪ರಲ್ಲಿ, ನಾಲ್ಕನೇ ಕ್ಲಾಸು ಮುಗಿಸಿ. ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದರಲ್ಲಿ. ಹೀಗೆ ನಾನೂ ಇಂಗ್ಲಿಷೂ ಒಬ್ಬರಿಗೊಬ್ಬರು ಸ್ವಲ್ಪದರಲ್ಲಿ ತಪ್ಪಿಸಿಕೊಂಡೆವು. ಮೊನ್ನೆ ಹಲಸೂರಿನ ಬೇಕರಿಯೊಂದರ ಮುಂದೆ ವೆನಿಲಾ ವಾಸನೆ ಮೂಗಿಗೆ ಬಡಿದಾಗ ಇದೆಲ್ಲ ನೆನಪಾಗಿ ಒಬ್ಬನೇ ನಕ್ಕೆ. ಯಾಕೆಂದು ಹೇಳುತ್ತೇನೆ, ಕೇಳಿ.

ನನ್ನದು ಕಾರಿನ ಸೀಟಿಗೆ ಕವರ್ ಹೊಲಿಯುವ ಕೆಲಸ. ಟೇಪು ಮುಟ್ಟದೆ ಕಣ್ಣಳತೆಯಲ್ಲೇ ರೆಕ್ಸಿನ್ ಕತ್ತರಿಸುತ್ತೇನೆ. ಕನ್ನಡ ಪೇಪರನ್ನು ಮದುವೆ ಜಾಹೀರಾತಿನವರೆಗೂ ಬಿಡದೆ ಓದುತ್ತೇನೆ. ಯಾರನ್ನೂ ಏನೂ ಕೇಳುವವನಲ್ಲ. ಇದನ್ನು ನಾನು ಸ್ವಾಭಿಮಾನ ಎನ್ನುತ್ತೇನೆ; ಹೆಂಡತಿ ಸರೋಜ ಬೇರೆ ಪದ ಬಳಸುತ್ತಾಳೆ. ಇಂಥ ನಾನು, ಮಗಳು ಕವಿತಾಳ ಮದುವೆ ಮಾತಿನ ದಿನ, ಹುಡುಗನ ತಾಯಿ ಜೀವನ್ ಬಿಮಾ ನಗರದ ನಿವೃತ್ತ ಟೀಚರ್ ಎಂದು ತಿಳಿದದ್ದೇ ತಡ, ಯಾರೂ ಕೇಳದೆಯೇ "ನಂದು ಪಿಯುಸಿ" ಎಂದುಬಿಟ್ಟೆ. ಮಗಳು ನೆಲ ನೋಡಿದಳು. ಅಂದಿನಿಂದ ಆ ಸುಳ್ಳು ಹೊರಬಿದ್ದು ಸಂಬಂಧ ಮುರಿದೀತೆಂಬ ಭಯ ನನ್ನನ್ನು ಬಿಡಲಿಲ್ಲ.

ಒಂದು ಸಂಜೆ ಕವಿತಾಳ ಫೋನು. ಸರೋಜ ಕೆ.ಆರ್. ಪುರದ ತಂಗಿ ಮನೆಗೆ ಹೋಗಿದ್ದಳು.

"ಅಪ್ಪಾ, ಅವರಮ್ಮ ಇವತ್ತೇ ಊಟಕ್ಕೆ ಬರ್ತಾರಂತೆ! ನಾನು ದೊಮ್ಮಲೂರಲ್ಲಿ ಸಿಕ್ಕಾಕೊಂಡಿದೀನಿ. ಫ್ರಿಜ್ಜಲ್ಲಿ ಚೀಸ್ ತುಂಬಿರೋ ಪಾಸ್ತಾ ಇದೆ. ಕುದಿಯೋ ನೀರಲ್ಲಿ ನಾಕು ನಿಮಿಷ, ಆಮೇಲೆ ಕ್ರೀಮು, ಕಾಳುಮೆಣಸು. ಅಷ್ಟೇ. ಅಡುಗೆ ಕ್ರೀಮ್ ಯಾವ್ದು ಅಂತ ಅಂಗಡೀಲಿ ಕೇಳಿ ತಗೊಳ್ಳಿ."

'ಕೇಳಿ' ಎಂಬ ಒಂದು ಪದ ಬಿಟ್ಟು ಉಳಿದದ್ದನ್ನೆಲ್ಲ ಪಾಲಿಸಿದೆ.

ಅಂಗಡಿಯ ಭಾಯಿ ಎರಡು ಪ್ಯಾಕೆಟ್ ಮುಂದಿಟ್ಟ. "ಏನ್ ಮಾಡೋಕೆ ಸಾರ್?"

"ಗೊತ್ತಿದೆ ಬಿಡಿ ಭಾಯ್. ನಮ್ಮನೇಲಿ ದಿನಾ ಇದೇ," ಎಂದು ದಪ್ಪ ಅಕ್ಷರವಿದ್ದದ್ದನ್ನು ಎತ್ತಿಕೊಂಡೆ.

ಪಾಸ್ತಾ ಎಂದರೆ ನೋಡಲು ನಮ್ಮ ಕಡುಬೇ, ಬೆರಳ ತುದಿಯಷ್ಟು. ಅಂಚು ಪರೀಕ್ಷಿಸಿದೆ. ಹೊಲಿಗೆಯಿಲ್ಲ, ಆದರೂ ತುಂಬಿದ್ದು ಹೊರಗೆ ಬಂದಿಲ್ಲ. ಮೆಚ್ಚಿದೆ. ಕ್ರೀಮು ಕಾಯುತ್ತಿದ್ದಂತೆ ವೆನಿಲಾ ಘಮ ಎದ್ದಿತು. ಇಟಲಿಯವರು ಇಷ್ಟು ಘಮಘಮ ಉಣ್ಣುತ್ತಾರಲ್ಲ ಎಂದು ಅವರನ್ನೂ ಮೆಚ್ಚಿದೆ.

ಹುಡುಗನ ತಾಯಿ ಟೀಚರ್ ಮೇಡಮ್ಮೂ ಕವಿತಾಳೂ ಒಟ್ಟಿಗೇ ಒಳಗೆ ಬಂದರು. ಬಡಿಸಿದೆ. ಮೇಡಂ ಒಂದು ಚಮಚ ತಿಂದು, ಎರಡನೆಯದನ್ನು ಅರ್ಧದಲ್ಲೇ ನಿಲ್ಲಿಸಿದರು.

"ಇದು ಊಟಾನಾ, ಪಾಯಸಾನಾ?"

ಕವಿತಾ ಅಡುಗೆಮನೆಗೆ ಓಡಿ ಖಾಲಿ ಪ್ಯಾಕೆಟ್ ತಂದಳು. "ಅಪ್ಪಾ, ಇದು ಕೇಕಿಗೆ ಬಳಿಯೋ ಸಿಹಿ ಕ್ರೀಮು!"

ಮೇಡಂ ಪ್ಯಾಕೆಟ್ ತಿರುಗಿಸಿ ನೋಡಿದರು. "ಇಷ್ಟು ದಪ್ಪಗೆ ಬರೆದಿದ್ದಾರಲ್ಲ?"

"ಕನ್ನಡಕ ಹಾಕಿರ್ಲಿಲ್ಲ," ಎಂದೆ.

ಕನ್ನಡಕ ಮೂಗಿನ ಮೇಲೇ ಇತ್ತು. ಮೇಡಂ ನನ್ನ ಮೂಗನ್ನೇ ನೋಡಿದರು. ಕವಿತಾ ಮತ್ತೆ ನೆಲ ನೋಡಿದಳು. ಅವಳ ಬಗ್ಗಿದ ತಲೆ ನೋಡಿ ನನಗೆ ತಡೆಯಲಾಗಲಿಲ್ಲ.

"ಪಿಯುಸಿ ಸುಳ್ಳು, ಮೇಡಂ. ನಾಲ್ಕನೇ ಕ್ಲಾಸು. ಇಂಗ್ಲಿಷ್ ಓದೋಕೆ ಬರಲ್ಲ. ಸುಳ್ಳು ನಂದು, ಮಗಳದ್ದಲ್ಲ."

ಅವರು ಚಮಚ ಕೆಳಗಿಟ್ಟರು. "ನಾಲ್ಕನೇ ಕ್ಲಾಸು ಪಾಸಾ, ಫೇಲಾ?"

"ಪಾಸು."

"ಇದಾದ್ರೂ ನಿಜಾನಾ?"

"ನಿಜ, ಮೇಡಂ."

"ಸರಿ. ಕವಿತಾ, ಇವನ್ನ ಬಿಸಿನೀರಲ್ಲಿ ತೊಳೆದು ಬೆಣ್ಣೇಲಿ ಹುರಿಯಮ್ಮ, ಹಸಿವಾಗ್ತಿದೆ. ನೀವು ಭಾನುವಾರ ನಮ್ಮನೆಗೆ ಬನ್ನಿ. ನಾಲ್ಕು ಗೆರೆ ಕಾಪಿ ಪುಸ್ತಕ ತನ್ನಿ. ಪೆನ್ಸಿಲ್ಲು ನಾನೇ ಕೊಡ್ತೀನಿ, ಪೆನ್ನು ಆಮೇಲೆ."

'ಪರವಾಗಿಲ್ಲ ಬಿಡಿ' ಎಂದು ಅವರು ಕನಿಕರ ತೋರಿಸಿದ್ದರೆ ನಾನು ಸಿಟ್ಟಾಗುತ್ತಿದ್ದೆ. ಅವರು ಹಾಗನ್ನಲಿಲ್ಲ. ಕಡುಬು ಮಾತ್ರ ಎರಡು ಸಲ ಬಡಿಸಿಕೊಂಡರು.

ಈಗ ನನ್ನ ಹತ್ತಿರ ಇರುವುದು: ಹೊಲಿಗೆ ಮೆಷಿನ್ನು ಎರಡು, ಹೆಂಡತಿ ಒಬ್ಬಳು, ಮದುವೆಯಾದ ಮಗಳು ಒಬ್ಬಳು, ಕಿವಿ ಹಿಂಡುವ ಬೀಗಿತ್ತಿ ಒಬ್ಬರು, ತುಂಬಿದ ಕಾಪಿ ಪುಸ್ತಕ ಮೂರು, ಇಂಗ್ಲಿಷ್ ಅಕ್ಷರ ಹತ್ತೊಂಬತ್ತು.